ಕಣ್ಣೀರೊರೆಸುವ ಪಟ್ಟಿ

ಶನಿವಾರ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದು ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ. "ನಿಮ್ಮಪ್ಪ ಟೈಲರ್ ಅಂದಿದ್ದೆ ಅಲ್ವಾ? ನಿನಗೂ ಹೊಲಿಗೆ ಬರುತ್ತೆ ತಾನೇ?" ಎಂದು ಕೇಳಿದರು. ಅವರಿಗೆ 78 ವರ್ಷ. ನಾವು ಹೋಗುವ ಚರ್ಚಿನ ಪೂಜಾವಸ್ತ್ರಗಳನ್ನು ಒಗೆದು, ಇಸ್ತ್ರಿ ಮಾಡಿ, ಹರಿದದ್ದನ್ನು ಹೊಲಿದು ಇಡುವ ಕೆಲಸ ನಲವತ್ತು ವರ್ಷದಿಂದ ಅವರದೇ. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಗುಲಾಬಿ ಬಣ್ಣದ ಚಾಸುಬಲ್. ಪೂಜೆ ಮಾಡುವ ಗುರುಗಳು ಎಲ್ಲಕ್ಕಿಂತ ಮೇಲೆ ಧರಿಸುವ, ತೋಳಿಲ್ಲದ ಅಗಲವಾದ ಅಂಗಿ ಅದು. ಗುಲಾಬಿ ಬಣ್ಣ ಹೊರಬರುವುದು ವರ್ಷಕ್ಕೆ ಎರಡೇ ಸಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರ ಒಮ್ಮೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ಭಾನುವಾರ ಒಮ್ಮೆ. ಕಾಯುವ ಆ ದಿನಗಳಲ್ಲಿ ಧರಿಸುವ ನೇರಳೆಯ ನಡುವೆ ಹಬ್ಬ ಒಂದು ಸಲ ಇಣುಕಿ ನೋಡಿ ಹೋದ ಹಾಗೆ. ಕನಕಪುರದ ಹತ್ತಿರದ ನಮ್ಮೂರ ಚರ್ಚಿನಲ್ಲಿ ಈ ಬಣ್ಣದ್ದು ಇರಲೇ ಇಲ್ಲ. ಆ ಎರಡು ಭಾನುವಾರವೂ ನೇರಳೆಯೇ. ಐರ್ಲೆಂಡಿನ ಈ ಕಾರ್ಕ್ ಊರಿಗೆ ಬಂದ ಮೇಲೆಯೇ ನಾನು ಮೊದಲ ಸಲ ನೋಡಿದ್ದು. ಮರುದಿನದ ಪೂಜೆಗೆ ಅದು ಬೇಕಿತ್ತು. ಹೆಗಲ ಹತ್ತಿರ ಒಳಗಿನ ಲೈನಿಂಗ್ ಬಿಟ್ಟುಕೊಂಡಿತ್ತು.

ನಾನು ದಾರದ ಬಣ್ಣ ಹೊಂದಿಸುತ್ತಿದ್ದಾಗ ಮಗಳು ಪೆಟ್ಟಿಗೆಯ ತಳಕ್ಕೆ ಕೈ ಹಾಕಿದಳು. ಅವಳಿಗೆ ಎಂಟು ವರ್ಷ. ಬರುವ ಮೇ ತಿಂಗಳಲ್ಲಿ ಅವಳ ಮೊದಲ ಪರಮ ಪ್ರಸಾದ, ಅಂದರೆ ಫಸ್ಟ್ ಕಮ್ಯುನಿಯನ್. ಹಾಗಾಗಿ ಚರ್ಚಿಗೆ ಸಂಬಂಧಿಸಿದ ಏನೇ ಕಂಡರೂ ಕೈಗೆತ್ತಿಕೊಂಡು ನೋಡಬೇಕು. ಕೆಳಗಿನಿಂದ ಒಂದು ಪುಟ್ಟ ಪಟ್ಟಿ ಎಳೆದಳು. ಅದೇ ಗುಲಾಬಿ ರೇಷ್ಮೆ, ಎರಡು ತುದಿಯಲ್ಲೂ ಶಿಲುಬೆ. "ಇದು ಗೊಂಬೆಗೆ ಹಾಕೋದಾ?" ಎಂದಳು.

ಅಜ್ಜಿ ಅದನ್ನು ಅವಳ ಎಡಗೈಗೆ ಹಾಕಿ ತೋರಿಸಿದರು. ಅದರ ಹೆಸರು ಮ್ಯಾನಿಪಲ್. ಹಳೆಯ ಕಾಲದಲ್ಲಿ ರೋಮಿನ ಜನ ಕೈಯಲ್ಲಿ ಹಿಡಿಯುತ್ತಿದ್ದ ಕರವಸ್ತ್ರವೇ ಮುಂದೆ ಪೂಜೆಯ ಉಡುಪಿಗೆ ಸೇರಿತು. ಮುಖದ ಬೆವರು ಒರೆಸಿಕೊಳ್ಳಲು, ಕಣ್ಣೀರು ಒರೆಸಿಕೊಳ್ಳಲು. ಇದನ್ನು ಕೈಗೆ ಹಾಕಿಕೊಳ್ಳುವಾಗ ಗುರುಗಳು ಹೇಳುತ್ತಿದ್ದ ಲ್ಯಾಟಿನ್ ಪ್ರಾರ್ಥನೆಯಲ್ಲೂ ಅಳುವಿನ ಮಾತೇ ಇದೆ. ಅಳು ಮತ್ತು ನೋವಿನ ಈ ಪಟ್ಟಿಯನ್ನು ಹೊರಲು ನಾನು ಯೋಗ್ಯನಾಗಲಿ ಎಂದು ಅವರು ಕೇಳಿಕೊಳ್ಳುತ್ತಿದ್ದರು. 1967ರಲ್ಲಿ ಇದು ಕಡ್ಡಾಯವಲ್ಲ ಎಂದು ರೋಮಿನಿಂದ ಆದೇಶ ಬಂತು. ನಿಧಾನವಾಗಿ ಪೆಟ್ಟಿಗೆಗಳ ತಳ ಸೇರಿತು.

ಮಗಳು ತನ್ನ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು, "ಯಾಕೆ ಬಿಟ್ರು? ಈಗ ಫಾದರ್ ಅಳಲ್ವಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಳಬೇಕಿತ್ತು, ಮಗಳೇ" ಎಂದರು. ಅಷ್ಟೇ.

ಮಗಳು ಆಟಕ್ಕೆ ಓಡಿದ ಮೇಲೆ ಅವರು ಮಾತು ಮುಂದುವರಿಸಿದರು. ಈ ದೇಶದಲ್ಲಿ 2009 ಮರೆಯುವ ವರ್ಷ ಅಲ್ಲ. ಆ ವರ್ಷ ಎರಡು ದೊಡ್ಡ ತನಿಖಾ ವರದಿಗಳು ಬಂದವು. ಒಂದು ರಾಯನ್ ವರದಿ. ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ನಡೆದ ಹಿಂಸೆ ಅದರಲ್ಲಿತ್ತು. ಇನ್ನೊಂದು ಮರ್ಫಿ ವರದಿ. ಡಬ್ಲಿನ್ ಮಹಾಧರ್ಮಪ್ರಾಂತ್ಯದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಗುರುಗಳ ಬಗ್ಗೆ ಬಂದ ದೂರುಗಳನ್ನು ಹೇಗೆ ಮುಚ್ಚಿಡಲಾಯಿತು ಎಂದು ಅದು ಹೇಳಿತು. ಅಜ್ಜಿ ಆಗಲೂ ಇದೇ ಬಟ್ಟೆಗಳನ್ನು ಒಗೆಯುತ್ತಿದ್ದರು. "ಈ ಬಟ್ಟೆ ಒಳ್ಳೆಯವರ ಮೈಮೇಲೂ ಇತ್ತು, ಕೆಟ್ಟವರ ಮೈಮೇಲೂ ಇತ್ತು. ಇಬ್ಬರದ್ದನ್ನೂ ನಾನೇ ಒಗೆದಿದ್ದೇನೆ. ನೀರಿಗೆ ವ್ಯತ್ಯಾಸ ಗೊತ್ತಾಗಲ್ಲ" ಎಂದರು. ಅವರ ಮಕ್ಕಳು ಚರ್ಚಿಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅವರು ಮಾತ್ರ ಬಟ್ಟೆ ಒಗೆಯುವುದನ್ನು ಬಿಟ್ಟಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅವರು ಹೋದ ಮೇಲೆ ಹೊಲಿಯಲು ಕೂತೆ. ಹರಿದಿದ್ದದ್ದು ಹೆಗಲು. ಬಟ್ಟೆಗಿಂತ ಜಾಸ್ತಿ ಅದರ ಭಾರ ಕೈಗೆ ತಿಳಿಯುತ್ತಿತ್ತು. ವಿಮೋಚನಕಾಂಡದ 28ನೇ ಅಧ್ಯಾಯ ನೆನಪಾಯಿತು. ಮಹಾಯಾಜಕ ಆರೋನನಿಗೆ ಬಟ್ಟೆ ಹೊಲಿಸುವ ಅಧ್ಯಾಯ ಅದು. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬಲು ಇಷ್ಟದ ಭಾಗ. ಬೈಬಲಿನಲ್ಲಿ ದೇವರು ಟೈಲರುಗಳ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದು ಅಲ್ಲೇ ಎನ್ನುತ್ತಿದ್ದರು. ಚಿನ್ನದ ನೂಲು, ನೀಲಿ, ಊದಾ, ಕೆಂಪು, ನಯವಾದ ನಾರುಬಟ್ಟೆ. ಅಂಚಿನಲ್ಲಿ ಚಿನ್ನದ ಗೆಜ್ಜೆ, ನಡುನಡುವೆ ನೂಲಿನಲ್ಲಿ ಮಾಡಿದ ದಾಳಿಂಬೆ. ಹೆಗಲ ಮೇಲೆ ಎರಡು ಕಲ್ಲು, ಒಂದೊಂದರಲ್ಲೂ ಆರಾರು ಕುಲದ ಹೆಸರು. ಎದೆಯ ಮೇಲೆ ಮತ್ತೆ ಹನ್ನೆರಡು ಕಲ್ಲು, ಅದೇ ಹನ್ನೆರಡು ಹೆಸರು. ಗಮನಿಸಿ, ಆರೋನನ ಹೆಸರು ಎಲ್ಲೂ ಇಲ್ಲ. ಬಟ್ಟೆ ಅವನದು, ಹೆಸರು ಜನರದು. ವರ್ಷಕ್ಕೊಮ್ಮೆ ಜನರ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಲು ಅತಿ ಪವಿತ್ರ ಸ್ಥಳದೊಳಗೆ ಹೋಗುವಾಗ ಅವನು ಈ ಚಿನ್ನದ್ದೆಲ್ಲ ಹಾಕುವ ಹಾಗಿಲ್ಲ. ಬರೀ ನಾರುಬಟ್ಟೆ.

2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ಇದೇ ಹೆಗಲ ಕಲ್ಲುಗಳ ಬಗ್ಗೆ ಮಾತಾಡಿದ್ದರು. ಪೋಪ್ ಆಗಿ ಇನ್ನೂ ಎರಡು ವಾರ ಆಗಿತ್ತಷ್ಟೇ. ಗುರುಗಳು ಪೂಜೆಗೆ ಚಾಸುಬಲ್ ಹಾಕಿಕೊಳ್ಳುವಾಗ ಜನರ ಭಾರವೂ ಅವರ ಮುಖಗಳೂ ತಮ್ಮ ಹೆಗಲ ಮೇಲಿವೆ ಎಂದು ಅನಿಸಬೇಕು ಎನ್ನುವುದು ಆ ಮಾತಿನ ಸಾರ. ಆಗ ನಾನು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ಸುದ್ದಿ ಓದಿ ಮರೆತಿದ್ದೆ. ಈಗ ಸೂಜಿ ಹಿಡಿದು ಕೂತಾಗ ಅದು ಬೇರೆಯೇ ಆಗಿ ಕೇಳಿಸಿತು.

ನನಗೆ ನಮ್ಮೂರ ಚರ್ಚಿನ ಸ್ವಾಮಿಗಳ ನೆನಪು ಬಂತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೀದಿಯ ಒಂದು ಮಗು ಬಾವಿಗೆ ಬಿದ್ದು ತೀರಿಹೋಯಿತು. ಮಣ್ಣು ಮಾಡುವ ದಿನ ಸ್ವಾಮಿಗಳು ಪ್ರಾರ್ಥನೆ ಓದುತ್ತಾ ಓದುತ್ತಾ ನಿಲ್ಲಿಸಿಬಿಟ್ಟರು. ಮಾತು ಹೊರಡಲಿಲ್ಲ. ಬಿಳಿ ನಿಲುವಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಮಗುವಿನ ತಾಯಿ ಅಲ್ಲಿಯವರೆಗೆ ಕಲ್ಲಿನ ಹಾಗೆ ನಿಂತಿದ್ದವಳು ಅವರನ್ನು ನೋಡಿ ಗಟ್ಟಿಯಾಗಿ ಅತ್ತಳು. ಮಾರನೇ ದಿನ ಆ ನಿಲುವಂಗಿ ಹೊಲಿಗೆ ಬಿಟ್ಟಿದೆ ಎಂದು ಅಪ್ಪನ ಅಂಗಡಿಗೆ ಬಂತು. ತೋಳಿನಲ್ಲಿ ಮಣ್ಣಿನ ಕಲೆ ಇತ್ತು. ಅಪ್ಪ ಅದನ್ನು ಉಳಿದ ಬಟ್ಟೆಗಳ ಜೊತೆ ಇಡಲಿಲ್ಲ. ಬೇರೆ ಹಲಗೆಯ ಮೇಲೆ ಮಡಚಿಟ್ಟರು.

ಅಪ್ಪ ಹೇಳುವ ಇನ್ನೊಂದು ಕಥೆ ಇದೆ. 1969ರಲ್ಲಿ ಭಾರತದ ಚರ್ಚಿಗೆ ರೋಮಿನಿಂದ ಹನ್ನೆರಡು ಬದಲಾವಣೆಗಳಿಗೆ ಒಪ್ಪಿಗೆ ಬಂತು. ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆ ದೀಪ, ಆರತಿ, ಎಲ್ಲ ಅದರಲ್ಲಿತ್ತು. ಬಟ್ಟೆಯ ಮಾತೂ ಇತ್ತು. ಹಲವು ಪದರದ ರೋಮನ್ ಉಡುಪಿನ ಬದಲು ಸರಳವಾದ ಒಂದು ಅಂಗಿ, ಮೇಲೆ ಅಂಗವಸ್ತ್ರ. ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಬೈಬಲ್, ಧರ್ಮಬೋಧನೆ, ಪೂಜಾವಿಧಿಗಳಿಗಾಗಿ ಇರುವ ಬೆಂಗಳೂರಿನ ಎನ್‌ಬಿಸಿಎಲ್‌ಸಿ ಕೇಂದ್ರದ ಮೊದಲ ನಿರ್ದೇಶಕರು ಅವರೇ. ಅಪ್ಪ ಒಂದು ಸಲ ಅಲ್ಲಿಗೆ ಹೋಗಿ ಪೂಜೆ ನೋಡಿ ಬಂದು ಖಾದಿಯಲ್ಲಿ ಒಂದು ಅಂಗವಸ್ತ್ರ ಹೊಲಿದರು. ಊರ ಹಿರಿಯರು ಒಪ್ಪಲಿಲ್ಲ. "ಇದೇನು, ನಮ್ಮ ಸ್ವಾಮಿಗಳು ಮಠದವರ ಥರ ಕಾಣ್ತಾರೆ" ಎಂದರಂತೆ. ಜರಿಯೇ ಬೇಕು, ಹೊಳೆಯಬೇಕು. ಇಲ್ಲಿ ಕಾರ್ಕಿನ ಹೋನನ್ ಚಾಪೆಲ್ಲಿಗೆ 1916ರಲ್ಲಿ ತಮ್ಮದೇ ಹಳೆಯ ಸೆಲ್ಟಿಕ್ ಬಳ್ಳಿ ವಿನ್ಯಾಸಗಳನ್ನು ಕಸೂತಿ ಮಾಡಿದ ಪೂಜಾವಸ್ತ್ರಗಳನ್ನು ಇಲ್ಲಿನವರೇ ತಯಾರಿಸಿದರು. ಈಗಲೂ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಪ್ಪನ ಖಾದಿ ಅಂಗವಸ್ತ್ರಕ್ಕೆ ಆ ಭಾಗ್ಯ ಸಿಗಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಊರಲ್ಲಿ ಈಗ ಹೆಗಲ ಮೇಲೆ ಬೀಳುವುದು ಬೇರೆ. ಕಳೆದ ಸಲ ಹೋದಾಗ ಹಬ್ಬದ ಪೂಜೆ ಮುಗಿದ ಕೂಡಲೇ ಗುರುಗಳಿಗೆ ಶಾಲು, ಹಾರ, ಮೈಸೂರು ಪೇಟ. ಪೂಜೆಯ ಬಟ್ಟೆ ಇನ್ನೂ ಮೈಮೇಲೆ ಇರುವಾಗಲೇ. ಪ್ರೀತಿಯಿಂದ ಹಾಕಿದ್ದು, ನಿಜ. ಆದರೆ ಕೆಳಗಿನ ಬಟ್ಟೆ ಮರೆಯಾಗಿ ಹೋಯಿತು. ಬಿಳಿ ನಿಲುವಂಗಿಯಲ್ಲಿ ಇರುವವರನ್ನು ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಕೇಳಿದವರನ್ನೇ ಅನುಮಾನದಿಂದ ನೋಡುತ್ತೇವೆ. ಐರ್ಲೆಂಡಿನಲ್ಲೂ ಬಹಳ ಕಾಲ ಹಾಗೇ ಇತ್ತು ಎಂದು ಅಜ್ಜಿ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ.

ಭಾನುವಾರ ಪೂಜೆಯಲ್ಲಿ ನಾನು ಹೊಲಿದ ಹೆಗಲನ್ನೇ ನೋಡುತ್ತಿದ್ದೆ. ಇಲ್ಲಿನ ಫಾದರ್ ವಯಸ್ಸಾದವರು. ಬಾಗಿದಾಗ ಗುಲಾಬಿ ಅಂಗಿಯ ಕೆಳಗಿನಿಂದ ಆಲ್ಬ್ ಎನ್ನುವ ಬಿಳಿ ಒಳ ನಿಲುವಂಗಿ ಕಂಡಿತು. ಮಗಳು ಕಿವಿಯಲ್ಲಿ ಹೇಳಿದಳು, "ಅಮ್ಮ, ಒಳಗೆ ಫಾದರ್ ಕೂಡ ನನ್ನ ಕಮ್ಯುನಿಯನ್ ಫ್ರಾಕ್ ಥರ ಬಿಳೀದೇ ಹಾಕಿದಾರೆ." ಅದು ಅದೇ ಬಟ್ಟೆ ಎಂದು ನಾನು ಹೇಳಿದೆ. ಜ್ಞಾನಸ್ನಾನದ ದಿನ ನಿನಗೆ ಹೊದಿಸಿದ ಬಿಳಿ ಬಟ್ಟೆಯೇ ಫ್ರಾಕ್ ಆಗಿ ಬೆಳೆಯುತ್ತೆ, ಅದೇ ಅವರಿಗೆ ಆಲ್ಬ್. ಗುರುಗಳಿಗೆ ಮೊದಲು ಅದು, ಮಿಕ್ಕಿದ್ದೆಲ್ಲ ಅದರ ಮೇಲೆ. ಕ್ರಿಸ್ತನನ್ನು ನಂಬಿದವರೆಲ್ಲರೂ ಯಾಜಕರೇ ಎಂದು ಪೇತ್ರ ಬರೆದ ಕಾಗದದಲ್ಲಿದೆ. ಅವಳಿಗೆ ಎಷ್ಟು ಅರ್ಥವಾಯಿತೋ. ತಲೆಯಾಡಿಸಿದಳು.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಮ್ಯಾನಿಪಲ್ ಬಗ್ಗೆ ಕೇಳಿದೆ. "ನೋಡಿದ್ದೀನಿ ಕಣವ್ವ. ಹುಡುಗನಾಗಿದ್ದಾಗ ಪೂಜೆಗೆ ಸಹಾಯ ಮಾಡ್ತಿದ್ದೆನಲ್ಲ, ಸ್ವಾಮಿಗಳ ಎಡಗೈಗೆ ನಾನೇ ಕಟ್ಟಿಕೊಡ್ತಿದ್ದೆ" ಎಂದರು. ಮ್ಯಾನಿಪಲ್‌ಗಿರುವ ಲ್ಯಾಟಿನ್ ಮಾತಿಗೆ ಸಿವುಡು ಅನ್ನೋ ಅರ್ಥವೂ ಇದೆ ಎಂದು ಅವರಿಗೆ ಆ ಸ್ವಾಮಿಗಳು ಹೇಳಿದ್ದರಂತೆ. ಅಳುತ್ತಾ ಬಿತ್ತಿದವರು ನಗುತ್ತಾ ಸಿವುಡು ಹೊತ್ತು ಬರುತ್ತಾರೆ ಎನ್ನುವ ಕೀರ್ತನೆ ಇದೆಯಲ್ಲ, ಅಲ್ಲಿರುವುದೂ ಇದೇ ಮಾತಂತೆ. ರಾಗಿ ಕೊಯ್ದು ಸಿವುಡು ಕಟ್ಟಿ ಗೊತ್ತಿದ್ದ ಅಪ್ಪನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಗಳು ಫೋನು ಕಿತ್ತುಕೊಂಡಳು. ಅವಳ ಬಿಳಿ ಫ್ರಾಕನ್ನು ಅಲ್ಲಿ ಅಪ್ಪನೇ ಹೊಲಿಯುತ್ತಿದ್ದಾರೆ. ಅಳತೆಯೆಲ್ಲ ಕಳಿಸಿ ಆಗಿದೆ.

"ತಾತ, ನನ್ನ ಫ್ರಾಕ್‌ಗೆ ಒಂದು ಜೇಬು ಇಡ್ತೀಯಾ?"

"ಕಮ್ಯುನಿಯನ್ ಫ್ರಾಕ್‌ಗೆ ಜೇಬು ಯಾಕೆ ಪುಟ್ಟಿ?"

"ಕರ್ಚೀಫ್ ಇಟ್ಕೊಳ್ಳೋಕೆ. ಯಾರಾದ್ರೂ ಅತ್ತರೆ ಬೇಕಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕತ್ತಿನಲ್ಲಿ ಟೇಪು ಹಾಗೇ ನೇತಾಡುತ್ತಿತ್ತು.

"ಎಡಗಡೆನಾ, ಬಲಗಡೆನಾ?"

"ಎಡಗಡೆ."