ಯೂಟ್ಯೂಬ್ ಇರುವಾಗ ಕಂಟ್ರಿ ಹಾಡುಗಾರರಿಗೆ ರೇಡಿಯೋ ಯಾಕೆ ಬೇಕು?

ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿನ ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಹಾಡುಗಳು ಅಂದ್ರೆ ನನಗೆ ಪ್ರಾಣ. ಊರಿಂದ ಫೋನ್ ಮಾಡುವ ತಮ್ಮನಿಂದ ಹಿಡಿದು ಇಲ್ಲಿನ ಕನ್ನಡ ಗೆಳೆಯರವರೆಗೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾರು ಬೇಕಾದರೂ ಯೂಟ್ಯೂಬ್‌ಗೆ ಹಾಡು ಹಾಕಬಹುದು. ಆದರೂ ನಿಮ್ಮ ಬಾರ್ ಹಾಡುಗಾರರು ರೇಡಿಯೋಗೆ ಯಾಕೆ ಅಷ್ಟು ಒದ್ದಾಡುತ್ತಾರೆ?"

ದುಡ್ಡಿಗಂತೂ ಅಲ್ಲ. ಅಮೆರಿಕದಲ್ಲಿ ಎಫ್‌ಎಂನಲ್ಲಿ ಹಾಡು ಬಂದರೆ ಅದನ್ನು ಬರೆದವರಿಗೆ, ಪ್ರಕಾಶಕರಿಗೆ ರಾಯಲ್ಟಿ ಸಿಗುತ್ತದೆ. ಬರೀ ಹಾಡಿದವರಿಗೆ ಏನೂ ಇಲ್ಲ. ಕಾನೂನೇ ಹಾಗಿದೆ. ನನಗಿದು ದೊಡ್ಡ ಅನ್ಯಾಯ ಅನಿಸುತ್ತದೆ.

ಕಂಟ್ರಿ ಸಂಗೀತದ ತವರು ಅನಿಸಿಕೊಂಡ ನ್ಯಾಶ್‌ವಿಲ್ ನಗರದ ಬ್ರಾಡ್‌ವೇ ಬೀದಿಯಲ್ಲಿ ಸಾಲು ಸಾಲು ಬಾರ್‌ಗಳಿವೆ. ಹಗಲಿಂದ ನಡುರಾತ್ರಿವರೆಗೂ ಹಾಡು. ಒಂದೊಂದು ತಂಡಕ್ಕೆ ಸುಮಾರು ನಾಲ್ಕು ಗಂಟೆಯ ಪಾಳಿ. ಸಂಪಾದನೆ ಬಹುಪಾಲು ಟಿಪ್ಸ್. ನಾನು ಹೋದ ಮಧ್ಯಾಹ್ನ ಪಿಟೀಲು ಹುಡುಗಿ ಹಾಡಿನ ನಡುವೆಯೇ ಕೆಳಗಿಳಿದು, ಪ್ಲಾಸ್ಟಿಕ್ ಬಕೆಟ್ ಹಿಡಿದು ಟೇಬಲ್‌ಗಳ ನಡುವೆ ಬಂದಳು. ಹಿಂದೆ ಗಿಟಾರ್ ನಡೆದೇ ಇತ್ತು. ಪಕ್ಕದ ಟೇಬಲ್‌ನ ಇಬ್ಬರು ಟಿವಿಯಿಂದ ಕಣ್ಣು ತೆಗೆಯದೆ ಒಂದೊಂದು ಡಾಲರ್ ಹಾಕಿದರು. ಮುಂದಿನ ಹಾಡು ಶುರುವಾದಾಗ ಅವರಲ್ಲೊಬ್ಬರು ಕುರ್ಚಿಯನ್ನೇ ವೇದಿಕೆ ಕಡೆ ತಿರುಗಿಸಿಕೊಂಡರು. ಹಾಡುತ್ತಿದ್ದ ಹುಡುಗನ ಮುಖ ಅರಳಿತು.

ಅಲ್ಲಿದ್ದವರು ಯಾರೂ ಅವನಿಗಾಗಿ ಬಂದವರಲ್ಲ. ಬಿಯರ್‌ಗೆ ಬಂದವರು. ರೇಡಿಯೋನೂ ಹಾಗೇ ಅಲ್ವಾ? ಲಾರಿ ಓಡಿಸುತ್ತಾ, ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾ ಸುಮ್ನೆ ಹಾಕಿಕೊಂಡಿರುತ್ತಾರೆ. ಅವರು ನಿಮ್ಮ ಹೆಸರು ಟೈಪ್ ಮಾಡಿ ಹುಡುಕುವವರಲ್ಲ. ಬಾರ್‌ನಲ್ಲಿ ಒಂದು ಕುರ್ಚಿ ತಿರುಗಿಸಿದವನಿಗೆ ಅಂಥ ಸಾವಿರಾರು ಕುರ್ಚಿ ತಿರುಗಿಸುವ ಆಸೆ.

ಆದರೆ ರೇಡಿಯೋವರೆಗೆ ಮುಟ್ಟುವುದು ಸುಲಭವಲ್ಲ. 1996ರಲ್ಲಿ ಕಾನೂನು ಬದಲಾಗಿ, ಇಡೀ ದೇಶದಲ್ಲಿ ಒಂದು ಕಂಪನಿ ಎಷ್ಟು ರೇಡಿಯೋ ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಅಂತಾಯಿತು. ನೂರಾರು ಸ್ಟೇಷನ್‌ಗಳು ಕೆಲವೇ ಕೈಗೆ ಹೋದವು. ಊರಿನ ಸ್ಟೇಷನ್‌ಗೆ ಹೋಗಿ "ಸರ್, ನನ್ನ ಹಾಡು ಒಂದ್ಸಲ ಕೇಳಿ" ಅನ್ನುವ ಬಾಗಿಲು ಕಿರಿದಾಯಿತು.

ಈಗ ಹೆಸರಾಂತ ಕಂಟ್ರಿ ಗಾಯಕರಾಗಿರುವ ಲ್ಯೂಕ್ ಕೋಂಬ್ಸ್ ನೋಡಿ. ಮೊದಲು ಬಾರ್ ಬಾಗಿಲಲ್ಲಿ ಕಾವಲು ಕಾದವರು, ಆಮೇಲೆ ಹಾಡಿದವರು. 2015ರಲ್ಲಿ ತಾವೇ ಬಿಡುಗಡೆ ಮಾಡಿದ 'ಹರಿಕೇನ್' ಹಾಡು ಚೆನ್ನಾಗಿ ಮಾರಾಟವಾಯಿತು. ಆದರೂ ಅದೇ ಹಾಡು ರೇಡಿಯೋ ಪಟ್ಟಿಯಲ್ಲಿ, ಅಂದರೆ ರೇಡಿಯೋದಲ್ಲಿ ಹೆಚ್ಚು ಬರುವ ಹಾಡುಗಳ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಬಂದದ್ದು 2017ರಲ್ಲಿ, ದೊಡ್ಡ ರೆಕಾರ್ಡ್ ಕಂಪನಿ ಕೈಹಿಡಿದ ಮೇಲೆ.

ನನಗೆ ಜಾಸ್ತಿ ಹತ್ತಿರವಾದವರು ನಮ್ಮ ಟೆಕ್ಸಾಸ್‌ನ ಆರನ್ ವಾಟ್ಸನ್. ಮೊದಲ ಆಲ್ಬಮ್ 1999ರಲ್ಲಿ. ಆಮೇಲೆ ವರ್ಷಗಟ್ಟಲೆ ವ್ಯಾನ್ ಹತ್ತಿ ಹಾಂಕಿ ಟಾಂಕ್‌ಗಳಲ್ಲಿ, ಅಂದರೆ ಕುಣಿತ, ಬಿಯರ್ ಇರುವ ಬಾರ್‌ಗಳಲ್ಲಿ ಹಾಡಿದರು. 2015ರಲ್ಲಿ ಅವರ 'ದಿ ಅಂಡರ್‌ಡಾಗ್' ಬಿಲ್‌ಬೋರ್ಡ್ ಅನ್ನುವ ಸಂಗೀತ ಪತ್ರಿಕೆಯ ಕಂಟ್ರಿ ಆಲ್ಬಮ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಬಂತು. ಬಿಡುಗಡೆ, ಪ್ರಚಾರ, ಹಂಚಿಕೆ ಎಲ್ಲವನ್ನೂ ತಾನೇ ನೋಡಿಕೊಂಡ ಕಂಟ್ರಿ ಗಾಯಕನೊಬ್ಬ (ಗಂಡಸರಲ್ಲಿ) ಹಾಗೆ ಬಂದದ್ದು ಅದೇ ಮೊದಲು. ಅಷ್ಟಾದರೂ ದೇಶದ ರೇಡಿಯೋ ಸುಲಭಕ್ಕೆ ಒಲಿಯಲಿಲ್ಲ. 2017ರ 'ಔಟಾ ಸ್ಟೈಲ್' ಹಾಡು ತಿಂಗಳುಗಟ್ಟಲೆ ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ರೇಡಿಯೋ ಪಟ್ಟಿಯ ಮೊದಲ ಹತ್ತರೊಳಗೆ ಸೇರಿತು. ಆಗಲೂ ಹಿಂದೆ ದೊಡ್ಡ ಕಂಪನಿ ಇರಲಿಲ್ಲ. ಆ ಸುದ್ದಿ ಓದಿ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಗೆ ಎಸಿ ರಿಪೇರಿಗೆ ಒಬ್ಬರು ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಫಿಲ್ಟರ್ ಬಿಚ್ಚುತ್ತಾ ಅದೇ ಹಾಡು ಗುನುಗುತ್ತಿದ್ದರು. ಯಾರ ಹಾಡು ಇದು ಅಂತ ಬೇಕಂತಲೇ ಕೇಳಿದೆ. "ಹೆಸರು ಗೊತ್ತಿಲ್ಲ ಮೇಡಂ, ಗಾಡಿಯಲ್ಲಿ ದಿನಾ ಬರುತ್ತೆ" ಅಂದರು. ಹೋಗುವಾಗ ಅವರೇ ತಿರುಗಿ ನಿಂತು ಹೆಸರು ಕೇಳಿದರು. ಅವರ ಬಿಲ್ ಪುಸ್ತಕದ ಹಿಂದೆ ಬರೆದುಕೊಟ್ಟೆ.