ಮಗುವಿನ ಮೊದಲ ಅಕ್ವೇರಿಯಂಗೆ ಯಾವ ಮೀನು?

ಬಹಳ ವರ್ಷಗಳಿಂದ ಮೀನು ಸಾಕುತ್ತಿರುವುದರಿಂದ ಪರಿಚಿತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಗು ಮೀನು ಬೇಕೆಂದು ಹಟ ಹಿಡಿದಿದೆ, ಚಿಕ್ಕದೊಂದು ಅಕ್ವೇರಿಯಂ ತರೋಣ ಎಂದುಕೊಂಡಿದ್ದೇವೆ, ಅದಕ್ಕೆ ಯಾವ ಮೀನು ಬಿಟ್ಟರೆ ಒಳ್ಳೆಯದು?" ತೊಟ್ಟಿ 20ರಿಂದ 30 ಲೀಟರ್ ಹಿಡಿಯುವಂಥದಾದರೆ ಒಂದೇ ಒಂದು ಬೆಟ್ಟಾ, 50 ಲೀಟರ್ ದಾಟಿದರೆ ಐದಾರು ಗಂಡು ಗಪ್ಪಿಗಳು ಎಂಬುದು ನನ್ನ ಉತ್ತರ. ಇಷ್ಟು ಚಿಕ್ಕ ಉತ್ತರಕ್ಕೆ ನಾನು ಬಂದು ನಿಂತದ್ದೇಕೆ ಎಂಬುದನ್ನು ಹೇಳಬೇಕಾದರೆ ಗೋಲ್ಡ್‌ಫಿಷ್‌ನಿಂದಲೇ ಆರಂಭಿಸಬೇಕು.

ಮಗಳು ಐದು ವರ್ಷದವಳಿದ್ದಾಗ ನಾನು ದುಂಡನೆಯ ಗಾಜಿನ ಬೋಗುಣಿಯೊಂದರಲ್ಲಿ ಎರಡು ಗೋಲ್ಡ್‌ಫಿಷ್ ತಂದುಕೊಟ್ಟಿದ್ದೆ. ಮೂರನೆಯ ದಿನ ನೀರು ಮಬ್ಬಾಯಿತು. ಐದನೆಯ ದಿನ ಎರಡೂ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ವಾರ ಕಳೆಯುವುದರೊಳಗೆ ಬೋಗುಣಿ ಖಾಲಿಯಾಯಿತು. ತಪ್ಪು ಸಂಪೂರ್ಣವಾಗಿ ನನ್ನದೇ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾಗಿ ಮಾರಾಟವಾಗುವ ಸಾಮಾನ್ಯ ಗೋಲ್ಡ್‌ಫಿಷ್, ಜಾಗ ಮತ್ತು ಶುದ್ಧ ನೀರು ಸಿಕ್ಕರೆ 20 ಸೆಂಟಿಮೀಟರಿಗೂ ಮೀರಿ ಬೆಳೆದು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬದುಕುವ ಮೀನು. ಅದು ತಿನ್ನುವುದೂ ಹೆಚ್ಚು, ಹೊರಹಾಕುವ ಕಲ್ಮಷವೂ ಹೆಚ್ಚು. ಆದ್ದರಿಂದ ಮೀನನ್ನು ಆರಿಸುವಾಗ ಅಂಗಡಿಯಲ್ಲಿ ಕಾಣುವ ಗಾತ್ರವನ್ನಲ್ಲ, ಪೂರ್ತಿ ಬೆಳೆದ ಮೇಲೆ ಅದು ಎಷ್ಟಾಗುತ್ತದೆ ಎಂಬುದನ್ನು ಕೇಳಬೇಕು. ಗಾಜಿನ ಪಾಚಿಯನ್ನು ತಿಂದು ಶುಚಿಯಾಗಿಡುತ್ತದೆ ಎಂದು ಕೊಡುವ ಸಕ್ಕರ್ ಮೀನಿಗೂ ಈ ಮಾತು ಅನ್ವಯಿಸುತ್ತದೆ. ಅದರ ಸಾಮಾನ್ಯ ಜಾತಿಗಳು ಒಂದು ಅಡಿಗೂ ಹೆಚ್ಚು ಉದ್ದ ಬೆಳೆಯುತ್ತವೆ.

ಆ ಬೋಗುಣಿಯ ಮೀನುಗಳನ್ನು ಕೊಂದದ್ದು ಕಣ್ಣಿಗೆ ಕಾಣದ ಅಮೋನಿಯಾ. ಮೀನಿನ ಕಿವಿರುಗಳಿಂದ ಹೊರಬರುವ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವ ಈ ವಿಷವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಅಷ್ಟು ದಿನ ತೊಟ್ಟಿಯಲ್ಲಿ ಮೀನು ಬಿಡದೆ, ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ಓಡಿಸುತ್ತಾ, ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಬೇಕು. ಮಕ್ಕಳಿಗೆ ಇಷ್ಟು ತಾಳ್ಮೆ ಇರುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ನನ್ನ ಅನುಭವ ಬೇರೆ. ಎರಡನೆಯ ಸಲ ತೊಟ್ಟಿ ಇಟ್ಟಾಗ ಮಗಳು ನೀರು ಪರೀಕ್ಷಿಸುವ ಕಿಟ್ಟಿನ ಪುಟ್ಟ ಗಾಜಿನ ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕಕ್ಕೆ ಹಿಡಿದು, "ಅಪ್ಪಾ, ಹಸಿರು ಇನ್ನೂ ಹೋಗಿಲ್ಲ" ಎಂದು ದಿನವೂ ವರದಿ ಒಪ್ಪಿಸುತ್ತಿದ್ದಳು. ನಳಿಕೆಯ ನೀರು ಬರಿಯ ಹಳದಿಯಾಗಿಯೇ ಉಳಿದ ದಿನ, ಅಂದರೆ ಅಮೋನಿಯಾ ಸೊನ್ನೆಗೆ ಇಳಿದ ದಿನ, ಅವಳು ಮನೆಯವರನ್ನೆಲ್ಲ ಕರೆದು ತೋರಿಸಿದಳು. ನೈಟ್ರೈಟ್ ಕೂಡ ಸೊನ್ನೆಯಾಗಲು ಇನ್ನೂ ಒಂದು ವಾರ ಹಿಡಿಯಿತು.

ಅಂದು ನಾವು ತಂದದ್ದು ಒಂದು ನೀಲಿ ಬೆಟ್ಟಾ. ಫೈಟರ್ ಮೀನು ಎಂದು ಜನ ಕರೆಯುವುದು ಇದನ್ನೇ. ಮಗುವಿಗೆ ಗುಂಪಿಗಿಂತ ಒಂದೇ ಮೀನು ಬೇಗ ಪರಿಚಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಟ್ಟಾಕ್ಕೆ ಕಿವಿರುಗಳ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ವಿಶೇಷ ಅಂಗವೊಂದಿದೆ. ಹಾಗಾಗಿ ಅದು ಆಗಾಗ ಮೇಲೇರಿ, ಒಂದು ಗುಟುಕು ಗಾಳಿ ನುಂಗಿ, ಕೆಳಗಿಳಿಯುತ್ತದೆ. ಗಂಡು ಬೆಟ್ಟಾ ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿ ನೊರೆಯ ಗೂಡು ಕಟ್ಟುವುದನ್ನು ಒಮ್ಮೆ ನೋಡಿದ ಮಗು ತೊಟ್ಟಿಯ ಮುಂದಿನಿಂದ ಏಳುವುದೇ ಇಲ್ಲ. ಗಾಳಿ ಉಸಿರಾಡುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಲೋಟದಷ್ಟು ನೀರಿನಲ್ಲಿ ಇಡುವವರಿದ್ದಾರೆ, ಅದು ಕ್ರೌರ್ಯ. ಇದಕ್ಕೂ ಫಿಲ್ಟರ್ ಬೇಕು, ಅದರ ಸೆಳೆತ ಮೆಲ್ಲಗಿರಬೇಕು, ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಹಾರಿ ಬೀಳದಂತೆ ಮುಚ್ಚಳವಿರಬೇಕು. ಎರಡು ಗಂಡುಗಳನ್ನು ಎಂದಿಗೂ ಒಟ್ಟಿಗೆ ಬಿಡಬಾರದು.

ಗಪ್ಪಿಗಳ ವಿಷಯದಲ್ಲಿ "ಗಂಡು ಮಾತ್ರ" ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೆಣ್ಣು ಗಪ್ಪಿ ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ, ಅದೂ ಸುಮಾರು ನಾಲ್ಕು ವಾರಕ್ಕೊಮ್ಮೆ; ಒಮ್ಮೆ ಗಂಡಿನೊಡನೆ ಕೂಡಿದ ಮೇಲೆ ಹಲವು ತಿಂಗಳ ಕಾಲ ಗಂಡಿಲ್ಲದೆಯೂ ಮರಿ ಹಾಕಬಲ್ಲದು. ಮೊದಲ ಮರಿಗಳನ್ನು ಕಂಡು ಮಗು ಕುಣಿದಾಡುತ್ತದೆ, ನಿಜ; ಆದರೆ ಚಿಕ್ಕ ತೊಟ್ಟಿಯಲ್ಲಿ ಆರು ತಿಂಗಳಲ್ಲಿ ಅವುಗಳನ್ನು ಎಲ್ಲಿ ಬಿಡುವುದು ಎಂಬ ಚಿಂತೆ ದೊಡ್ಡವರ ಪಾಲಿಗೆ ಬರುತ್ತದೆ. ಬಣ್ಣವೂ ಬೀಸಣಿಗೆಯಂಥ ಬಾಲವೂ ಇರುವುದು ಗಂಡಿಗೇ ಆದ್ದರಿಂದ ನೋಡುವ ಸುಖಕ್ಕೇನೂ ಕೊರತೆಯಿಲ್ಲ. ಗಡಸು ನೀರೂ ಇವಕ್ಕೆ ಒಗ್ಗುತ್ತದೆ. ಆದರೆ ಬೆಟ್ಟಾದ ತೊಟ್ಟಿಗೆ ಇವನ್ನು ಸೇರಿಸಬೇಡಿ. ಆ ಅಗಲವಾದ ಬಾಲವನ್ನು ಕಂಡು ಬೆಟ್ಟಾ ತನ್ನ ಎದುರಾಳಿಯೆಂದು ಭಾವಿಸಿ ಕಚ್ಚುತ್ತದೆ.

ನಿಯಾನ್ ಟೆಟ್ರಾ ಬಹು ಸುಂದರವಾದ ಮೀನಾದರೂ ಹೊಸ ತೊಟ್ಟಿಯ ಏರುಪೇರುಗಳನ್ನು ತಾಳುವುದಿಲ್ಲ. ಕನಿಷ್ಠ ಆರರ ಗುಂಪೂ ಬೇಕು. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಆಹಾರದ ಡಬ್ಬಿ ಮಾತ್ರ ದೊಡ್ಡವರ ಕೈಯಲ್ಲಿರಲಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ಮಗುವಿನ ಅಂಗೈಗೆ ಸುರಿದು ಕೊಟ್ಟರೆ ಹಾಕುವ ಸಂತೋಷ ಅದಕ್ಕೇ ದಕ್ಕುತ್ತದೆ, ನೀರೂ ಕೆಡುವುದಿಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು. ಕ್ಲೋರಿನ್ ತಾಗಿದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತವೆ.

ಮೀನು ಕೊಳ್ಳಲು ಹೋಗುವಾಗ ಮಗುವನ್ನು ಕರೆದುಕೊಂಡೇ ಹೋಗಿ. ಈಜುರೆಕ್ಕೆಗಳನ್ನು ಮುದುಡಿಕೊಂಡ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿರುವ, ಮೂಲೆಯಲ್ಲಿ ಅಲ್ಲಾಡದೆ ನಿಂತ ಮೀನು ಬೇಡವೆಂದು ತೋರಿಸಿಕೊಡಿ. ಒಂದಾದರೂ ಸತ್ತ ಮೀನು ತೇಲುತ್ತಿರುವ ತೊಟ್ಟಿಯಿಂದ ಏನನ್ನೂ ತರಬೇಡಿ. ಮನೆಗೆ ಬಂದ ಮೇಲೆ ಚೀಲವನ್ನು ಹಾಗೆಯೇ ತೊಟ್ಟಿಯಲ್ಲಿ ಹದಿನೈದು ನಿಮಿಷ ತೇಲಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಬಳಿಕ ಪುಟ್ಟ ಬಲೆಯಿಂದ ಮೀನನ್ನು ಮಾತ್ರ ಒಳಗೆ ಬಿಡಿ. ಆ ದಿನ ತೊಟ್ಟಿಯ ದೀಪ ಹಚ್ಚದಿರುವುದು, ಆಹಾರವನ್ನು ಮರುದಿನದವರೆಗೆ ತಡೆಯುವುದು ಉತ್ತಮ. ಮಗು ಗಾಜಿಗೆ ಮೂಗು ತಾಗಿಸಿ ಕತ್ತಲಲ್ಲೇ ಹುಡುಕುತ್ತಾ ಕೂತರೆ ಕೂರಲಿ. ಗಾಜನ್ನು ಬಡಿಯದಿದ್ದರೆ ಸಾಕು.