ಲುವಾಂಟಿ ಸರ್ವರ್: ಪ್ಯಾಕೆಟ್ ಒಳಗೆ ಬರುತ್ತೆ, ಉತ್ತರ ಮಾತ್ರ ದಾರಿ ತಪ್ಪುತ್ತೆ

ಕೊನೆಗೂ ಆಳಂದ, ಶಹಾಬಾದ್‌ನ ಆಟಗಾರರು ಕಲಬುರಗಿಯ ನಮ್ಮ ಮನೆಯ ಲುವಾಂಟಿ (ಬ್ಲಾಕ್‌ಗಳಿಂದ ಕಟ್ಟುವ ಆಟ, ಹಳೆಯ ಹೆಸರು ಮೈನ್‌ಟೆಸ್ಟ್) ಸರ್ವರ್‌ಗೆ ಸೇರಿದರು! ಆಟದೊಳಗೆ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿ ಯಾವಾಗಲೋ ಸಿದ್ಧವಾಗಿತ್ತು. ನೋಡ್‌ಗೆ (ಆಟದ ಒಂದು ಬ್ಲಾಕ್‌ಗೆ) ಒಂದು ಮೀಟರ್ ಲೆಕ್ಕದಲ್ಲಿ ಸುಮಾರು 66×54 ನೋಡ್. ಕಾಡಿದ್ದು ನೆಟ್‌ವರ್ಕ್.

ರೌಟರ್‌ನಲ್ಲಿ ಆಟದ ಪೋರ್ಟ್ ಯುಡಿಪಿ 30000 ಫಾರ್ವರ್ಡ್ ಮಾಡಿದರೂ ಉಪಯೋಗವಿಲ್ಲ. ರೌಟರ್‌ನ ಹೊರಗಿನ (ವ್ಯಾನ್) ಐಪಿ 100.64ರಿಂದ 100.127ರ ನಡುವಿನದು, ಅಂದರೆ ಸಿಜಿನ್ಯಾಟ್: ಒಂದೇ ಸಾರ್ವಜನಿಕ ಐಪಿ ಹಲವು ಗ್ರಾಹಕರಿಗೆ, ಹೊರಗಿನಿಂದ ನೇರ ಪ್ರವೇಶವಿಲ್ಲ. ಕನೆಕ್ಷನ್ ಕೊಡುವಾಗ ಇದನ್ನು ಯಾರೂ ಬಾಯಿ ಬಿಡುವುದಿಲ್ಲ; ಸ್ಟ್ಯಾಟಿಕ್ ಐಪಿ ಕೇಳಿದರೆ ಬಿಸಿನೆಸ್ ಪ್ಲಾನ್ ತಗೊಳ್ಳಿ ಅಂತಾರೆ. ಎಸ್‌ಎಸ್‌ಎಚ್‌ನ ಸಾಮಾನ್ಯ ಪೋರ್ಟ್ ಫಾರ್ವರ್ಡ್ ಟನಲ್ ಒಯ್ಯುವುದು ಟಿಸಿಪಿ ಮಾತ್ರ, ಆಟದ್ದು ಯುಡಿಪಿ. ಹಾಗಾಗಿ ಸಾರ್ವಜನಿಕ ಐಪಿ ಇರುವ ಬಾಡಿಗೆ ವಿಪಿಎಸ್ (ದೂರದ ಸರ್ವರ್), ನಡುವೆ ವೈರ್‌ಗಾರ್ಡ್ ವಿಪಿಎನ್ ಟನಲ್: ಆ ಕಡೆ 10.8.0.1, ಮನೆ ಕಡೆ 10.8.0.2, ಕೀಪ್‌ಅಲೈವ್ 25 ಸೆಕೆಂಡ್. ವಿಪಿಎಸ್‌ನಲ್ಲಿ ಐಪಿ ಫಾರ್ವರ್ಡ್ ಆನ್, 30000ಕ್ಕೆ ಡಿನ್ಯಾಟ್ (ಬಂದ ಪ್ಯಾಕೆಟ್‌ನ ಗುರಿ ವಿಳಾಸವನ್ನು 10.8.0.2 ಎಂದು ಬದಲಿಸುವುದು).

ಇಲ್ಲಿ ಮಾಸ್ಕರೇಡ್ (ಕಳಿಸಿದವರ ವಿಳಾಸವನ್ನೂ ಬದಲಿಸುವುದು) ಹಾಕಿದರೆ ತಕ್ಷಣ ಕೆಲಸ ಆಗುತ್ತದೆ, ಆದರೆ ಹಾಕಬೇಡಿ. ಸರ್ವರ್‌ಗೆ ಎಲ್ಲರೂ 10.8.0.1 ಆಗಿಯೇ ಕಾಣುತ್ತಾರೆ. ಲುವಾಂಟಿಯ ಬ್ಯಾನ್ ಐಪಿ ಮೇಲೆ ಬೀಳುವುದರಿಂದ ಒಬ್ಬ ಕಿಡಿಗೇಡಿಯನ್ನು ಹೊರಹಾಕಲು ಹೋದರೆ ಊರಿಗೆ ಊರೇ ಹೊರಗೆ.

ಆದ್ದರಿಂದ ಪಾಲಿಸಿ ರೂಟಿಂಗ್, ಅಂದರೆ ಹೊರಡುವ ವಿಳಾಸ ನೋಡಿ ದಾರಿ ಆರಿಸುವುದು. ಮನೆ ಕಡೆಯ ವೈರ್‌ಗಾರ್ಡ್‌ನಲ್ಲಿ ಅಲೌಡ್ ಐಪೀಸ್ 0.0.0.0/0 (ಎಲ್ಲಾ ವಿಳಾಸಗಳು) ಇರಲೇಬೇಕು, ಇಲ್ಲವಾದರೆ ಆಟಗಾರರ ಪ್ಯಾಕೆಟ್‌ಗಳನ್ನು ವೈರ್‌ಗಾರ್ಡೇ ಬಿಸಾಕುತ್ತದೆ. ಮನೆಯ ಟ್ರಾಫಿಕ್ ಎಲ್ಲಾ ಟನಲ್‌ಗೆ ನುಗ್ಗದಂತೆ ಅದೇ ಕಾನ್ಫಿಗ್‌ನಲ್ಲಿ ಟೇಬಲ್ = ಆಫ್. 10.8.0.2ರಿಂದ ಹೊರಡುವುದಕ್ಕೆ ಬೇರೆ ರೂಟಿಂಗ್ ಟೇಬಲ್, ಅದರ ಡೀಫಾಲ್ಟ್ ದಾರಿ ಡಬ್ಲ್ಯೂಜಿ0 (ಟನಲ್‌ನ ಇಂಟರ್ಫೇಸ್).

ಪಿಂಗ್ ಬಂತು, ಎಸ್‌ಎಸ್‌ಎಚ್ ಬಂತು, ಆಟ ಮಾತ್ರ ಇಲ್ಲ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದಾಗ ಗುಟ್ಟು ಸಿಕ್ಕಿತು: ಪ್ಯಾಕೆಟ್ ಟನಲ್‌ನಲ್ಲಿ ಬಂದು, ಉತ್ತರ 192.168.1.20 (ಸರ್ವರ್‌ನ ಮನೆಯೊಳಗಿನ ವಿಳಾಸ) ಹೆಸರಲ್ಲಿ ಮನೆ ರೌಟರ್ ಕಡೆ ಹೊರಟಿದೆ. ಟಿಸಿಪಿ ಸಂಪರ್ಕಕ್ಕೆ ತನ್ನ ವಿಳಾಸ ನೆನಪಿರುತ್ತದೆ. 0.0.0.0ಗೆ (ಯಾವ ವಿಳಾಸವಾದರೂ ಸರಿ ಎಂದು) ಕಟ್ಟಿದ ಯುಡಿಪಿ ಸಾಕೆಟ್ ಕಳಿಸುವ ಪ್ರತಿ ಉತ್ತರಕ್ಕೂ ಕರ್ನಲ್ ಮುಖ್ಯ ಟೇಬಲ್ ನೋಡಿ ವಿಳಾಸ ಆರಿಸುತ್ತದೆ; ನಮ್ಮ ರೂಲ್ ತಾಗುವುದೇ ಇಲ್ಲ. ಮದ್ದು ಒಂದೇ ಸಾಲು: ಮೈನ್‌ಟೆಸ್ಟ್ ಡಾಟ್ ಕಾನ್ಫ್‌ನಲ್ಲಿ ಬೈಂಡ್_ಅಡ್ರೆಸ್ = 10.8.0.2.

ಇದರ ಬೆನ್ನಿಗೇ ಇನ್ನೊಂದು ಎಡವಟ್ಟು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಟನಲ್‌ಗಿಂತ ಮೊದಲು ಸರ್ವರ್ ಎದ್ದರೆ ಆ ವಿಳಾಸವೇ ಇರುವುದಿಲ್ಲ, ಬೈಂಡ್ ಸೋಲುತ್ತದೆ. ಆಟದ ಸರ್ವರ್ ಅನ್ನು ಶುರು ಮಾಡುವ ಸಿಸ್ಟಮ್‌ಡಿ ಯೂನಿಟ್‌ನಲ್ಲಿ ವೈರ್‌ಗಾರ್ಡ್ ಸರ್ವಿಸ್‌ಗೆ ಆಫ್ಟರ್, ರಿಕ್ವೈರ್ಸ್ ಎರಡನ್ನೂ ಬರೆಯಿರಿ.

ಆಟದಲ್ಲಿ ಮುಂದೆ ಕಟ್ಟುವುದು ಬೀದರ್‌ನ ನೌಬಾದ್ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ. ಅಲ್ಲಿನ ಸವಾಲು ನೀರು. ಸಮತಟ್ಟಾದ ನೆಲದಲ್ಲಿ ಸೋರ್ಸ್ ನೋಡ್‌ನಿಂದ (ನೀರಿನ ಮೂಲ ಬ್ಲಾಕ್) ಹೊರಟ ನೀರು ಎಂಟು ನೋಡ್‌ಗಳೊಳಗೇ ನಿಂತುಬಿಡುತ್ತದೆ, ಸುರಂಗವೋ ಉದ್ದ. ಏಳೇಳು ನೋಡ್‌ಗೆ ಒಂದು ಮೆಟ್ಟಿಲು ಇಳಿಸಿದರೆ ನೀರು ಮುಂದೆ ಹರಿಯುತ್ತದೆ, ಆದರೆ ನಿಜವಾದ ಕರೇಜ್‌ನ ಇಳಿಜಾರು ಅಷ್ಟು ಕಡಿದಲ್ಲ. ಮೊದಲು ಗಾಳಿಬಾವಿಗಳನ್ನು ಕೊರೆದು, ಅವುಗಳ ತಳದಲ್ಲಿ ಸೋರ್ಸ್ ಇಟ್ಟು ನೋಡಬೇಕು.